ಅಕ್ಕನ ಮುಖ ಹೋದ ಕೌದಿ

ಒಗೆದ ಕೌದಿಯನ್ನು ಹಿತ್ತಲಿನ ತಂತಿಯ ಮೇಲೆ ಹರವಿ ನೋಡಿದಾಗ ಎಲ್ಲರೂ ಕ್ಷೇಮವಾಗಿದ್ದರು. ತೀರಿಕೊಂಡ ಅಪ್ಪ ಅಮ್ಮ ಇದ್ದರು, ಭಾವ ಇದ್ದರು, ಎರಡೂ ಮನೆಯ ಮಕ್ಕಳು, ಅಳಿಯಂದಿರು, ಸೊಸೆಯಂದಿರು ಇದ್ದರು. ಅಕ್ಕನ ಮನೆಯ ನಾಯಿ ಕೂಡ ನಾಲಗೆ ಇಳಿಬಿಟ್ಟುಕೊಂಡು ಇತ್ತು. ಅಕ್ಕ ಮಾತ್ರ ಇರಲಿಲ್ಲ.

ಕೆಳಗಿನ ಮೂಲೆಯಲ್ಲಿ, ನಾಯಿಯ ಪಕ್ಕ, ಅವಳಿದ್ದ ಚೌಕ ಬೆಳ್ಳಗೆ ಬಯಲಾಗಿತ್ತು. ಒಂದು ಕಿವಿ ಮತ್ತು ಅದರ ಓಲೆ ಉಳಿದಿದ್ದವು, ಅಷ್ಟೇ. ಪುಟ್ಟಿ ಬಚ್ಚಲಿಗೆ ಓಡಿಹೋಗಿ ಟಬ್ಬಿನಲ್ಲಿ ಕೈಯಾಡಿಸಿದಳು. ನೊರೆಯ ನಡುವೆ ಈರುಳ್ಳಿ ಸಿಪ್ಪೆಯಂಥ ತೆಳ್ಳಗಿನ ಚೂರುಗಳು ತೇಲುತ್ತಿದ್ದವು. ಒಂದನ್ನು ಬೆರಳ ತುದಿಯಿಂದ ಎತ್ತಿ ಬೆಳಕಿಗೆ ಹಿಡಿದಳು. ಅದು ಅಕ್ಕನ ಹುಬ್ಬು.

"ರೀ, ಅಕ್ಕ ಹೋಗ್ಬಿಟ್ಳು ರೀ!" ಎಂದು ಅವಳು ಕೂಗಿದ್ದು ಕೇಳಿ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಂಡ ಅರ್ಧ ನೊರೆಯಲ್ಲೇ ಓಡಿಬಂದರು. ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ಮನೆಯಲ್ಲೂ ಬೀದಿಯಲ್ಲೂ ಅವರು ಮೇಷ್ಟ್ರೇ. ಅವರ ಕಣ್ಣು ಆಗಲೇ ತುಂಬಿಕೊಂಡಿತ್ತು.

"ಯಾವಾಗ? ಯಾರು ಫೋನ್ ಮಾಡಿದ್ದು? ನಿನ್ನೆ ತಾನೆ ನನ್ನ ಹತ್ರ ಚೆನ್ನಾಗಿ ಮಾತಾಡಿದ್ರಲ್ಲೇ!"

ಪುಟ್ಟಿ ಹುಬ್ಬನ್ನು ಮುಂದೆ ಹಿಡಿದಳು. ಮೇಷ್ಟ್ರು ಅದನ್ನು ನೋಡಿ, ತಂತಿಯ ಕಡೆ ನೋಡಿ, ದೊಡ್ಡ ಉಸಿರು ಬಿಟ್ಟು, "ಅಯ್ಯೋ, ಇಷ್ಟೇನಾ" ಎಂದರು. ಇಷ್ಟೇನಾ ಅಂತೆ! ನಿಜವಾಗಿ ಹೋಗಿದ್ದರೆ ಪುಟ್ಟಿ ಅಳಬಹುದಿತ್ತು, ನಾಲ್ಕು ಜನ ಬಂದು ಸಮಾಧಾನ ಮಾಡುತ್ತಿದ್ದರು. ಈಗ ಅಕ್ಕ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದಳು, ಮತ್ತು ಮಾರನೆಯ ದಿನ ಭಾನುವಾರ ಸಂಜೆ ಇದೇ ಮನೆಗೆ ಬರುವವಳಿದ್ದಳು.

ಪುಟ್ಟಿ ಎಂದ ಕೂಡಲೇ ಎರಡು ಜಡೆಯ ಹುಡುಗಿಯನ್ನು ನೆನೆಸಿಕೊಳ್ಳಬೇಡಿ. ಅವಳಿಗೆ ಐವತ್ತು ದಾಟಿತ್ತು, ತಲೆ ಮುಕ್ಕಾಲು ನೆರೆತಿತ್ತು, ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಕೂತು ಅವಳು ಒಂದು ಸಲ ಗದರಿದರೆ ಪೈಲ್ವಾನರೂ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ಆದರೆ ತವರಿಗೆ ಕೊನೆಯ ಮಗಳಾಗಿ ಹುಟ್ಟಿದವಳು ಅಜ್ಜಿಯಾದರೂ ಪುಟ್ಟಿಯೇ. ಆ ಹೆಸರಿಟ್ಟವಳು ಅಕ್ಕ.

ಅಕ್ಕ ತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ, ಆದರೆ ಪುಟ್ಟಿಯ ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕನ ಮಗಳ ಮದುವೆಯಲ್ಲಿ ಎಲ್ಲರೂ ಸೇರಿ ಫೋಟೋಗೆ ನಿಂತಾಗ ಅಕ್ಕ, "ಪುಟ್ಟಿ, ನೀನು ಸ್ವಲ್ಪ ಆಚೆ ಸರಿ, ಬೀಗರು ಮುಚ್ಚಿಹೋಗ್ತಾರೆ" ಎಂದಿದ್ದಳು. ಪುಟ್ಟಿ ಸರಿದಳು. ಅಕ್ಕ ಇನ್ನೂ ಸ್ವಲ್ಪ ಎಂದಳು. ಪುಟ್ಟಿ ಇನ್ನೂ ಸರಿದಳು. ಆಲ್ಬಮ್ ಬಂದಾಗ ಆ ದೊಡ್ಡ ಫೋಟೋದಲ್ಲಿ ಅವಳದೆಂದು ಇದ್ದದ್ದು ಒಂದು ಮೊಣಕೈ. "ಬೀಗರ ಡ್ರೈವರು ಪೂರ್ತಿ ಬಂದಿದಾನೆ, ಒಡಹುಟ್ಟಿದ ತಂಗಿ ಮೊಣಕೈ ಬಂದಿದೆ. ಹುಟ್ಟಿದಾಗಿಂದ ಇಷ್ಟೇ, ಅವಳು ಮುಂದೆ, ನಾನು ಹಿಂದೆ" ಎಂದು ಪುಟ್ಟಿ ಅಂದು ಮಾತು ಬಿಟ್ಟವಳು ಬಿಟ್ಟೇ ಇದ್ದಳು. ಅದೇ ದಿನ ಫೋನಿನಲ್ಲಿದ್ದ ಅಕ್ಕನ ಫೋಟೋಗಳನ್ನು ಒಂದೂ ಬಿಡದೆ ಅಳಿಸಿ ಹಾಕಿದಳು.

ಅಕ್ಕನದು ದರ್ಜಿಯ ಕೈ. ಅಂಗಡಿ ಇಟ್ಟವಳಲ್ಲ, ಆದರೆ ಮನೆಯ ತುಂಬ ಅವಳು ಹೊಲಿದದ್ದೇ. ಆರು ತಿಂಗಳ ಹಿಂದೆ ಅವಳ ಕಡೆಯಿಂದ ಒಂದು ದೊಡ್ಡ ಕಟ್ಟು ಬಂತು. ಬಿಚ್ಚಿದರೆ ಈ ಕೌದಿ. ಫೋಟೋವನ್ನು ಅದಕ್ಕೆಂದೇ ಬರುವ ಹಾಳೆಯ ಮೇಲೆ ಅಚ್ಚು ಹಾಕಿಸಿ, ಬಿಳಿ ಬಟ್ಟೆಯ ಮೇಲೆ ಬೋರಲಾಗಿಟ್ಟು, ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದು, ಆರಿದ ಮೇಲೆ ಹಾಳೆಯನ್ನು ಸುಲಿದರೆ ಚಿತ್ರ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹಾಗೆ ಮನೆಮಂದಿಯನ್ನೆಲ್ಲ ಒಂದೊಂದು ಚೌಕಕ್ಕೆ ಅಂಟಿಸಿ, ಚೌಕಗಳನ್ನು ಕೂಡಿಸಿ, ನಡುವೆ ಹತ್ತಿ ಹಾಸಿ ಹೊಲಿದಿದ್ದಳು. ನಟ್ಟನಡುವೆ, ಎಲ್ಲರಿಗಿಂತ ದೊಡ್ಡ ಚೌಕದಲ್ಲಿ, ಪುಟ್ಟಿ. ಕಾಲೇಜಿಗೆ ಹೋಗುತ್ತಿದ್ದ ಕಾಲದ್ದು, ಸೈಕಲ್ ಹಿಡಿದುಕೊಂಡು ಬಾಯ್ತುಂಬ ನಗುತ್ತಿದ್ದದ್ದು.

ಪುಟ್ಟಿಗೆ ಅರ್ಥವಾಗಲಿಲ್ಲವೆಂದಲ್ಲ. ಕಣ್ಣು ತುಂಬಿಬಂತು, ಫೋನನ್ನು ಕೈಗೆ ತೆಗೆದುಕೊಂಡದ್ದೂ ಆಯಿತು. ಅಷ್ಟರಲ್ಲಿ ಮೂಲೆಯಲ್ಲಿ ನಾಯಿಯ ಪಕ್ಕ ಕೂತಿದ್ದ ಅಕ್ಕ ಕಂಡಳು. "ನೋಡಿ, ನೋಡಿ! ಬೇಕೂಂತಲೇ ಮೂಲೇಲಿ ಕೂತಿದಾಳೆ. ನೋಡಿದವರೆಲ್ಲ 'ಅಯ್ಯೋ ಪಾಪ, ನೀನ್ಯಾಕಮ್ಮ ಮೂಲೇಲಿ' ಅಂತ ಕೇಳ್ಬೇಕಲ್ಲ" ಎಂದು ಫೋನನ್ನು ಕೆಳಗಿಟ್ಟಳು. ವಾರ ಕಳೆಯಿತು, ತಿಂಗಳು ಕಳೆಯಿತು. ಆಮೇಲೆ ಫೋನ್ ಮಾಡಿದರೆ ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಕೇಳುತ್ತಾಳೆಂಬ ಹೆದರಿಕೆ. ಒಣಹೆಮ್ಮೆಗೆ ಔಷಧಿಯ ಚೀಟಿ ಯಾವ ಕಿಟಕಿಯಲ್ಲೂ ಸಿಗುವುದಿಲ್ಲ. ಕೊನೆಗೆ ಅಕ್ಕನೇ ಮೇಷ್ಟ್ರಿಗೆ ಫೋನ್ ಮಾಡಿ, ಭಾನುವಾರ ಬರುತ್ತೇನೆ, ಅವಳು ಬಾಗಿಲು ಹಾಕಿಕೊಂಡರೆ ಹಿತ್ತಲಿಂದ ಬರುತ್ತೇನೆ ಎಂದು ಹೇಳಿದ್ದಳು.

ಅಕ್ಕ ಬರುತ್ತಾಳೆಂದ ಮೇಲೆ ಕೌದಿ ಚೊಕ್ಕಟವಾಗಿರಬೇಡವೇ? ಅದು ಅತ್ತೆಯ ಮಂಚದ ಮೇಲಿತ್ತು. ಮೇಷ್ಟ್ರ ತಾಯಿ ಆ ಕೌದಿಯನ್ನು ಬಂದ ದಿನವೇ ವಶಪಡಿಸಿಕೊಂಡಿದ್ದರು. ಕೆಳಗಿನ ಸಾಲಿನಲ್ಲಿ, ನಾಯಿಯ ಈಚೆಗೆ, ಅವರ ಮುಖವೂ ಇತ್ತಲ್ಲ, ಆ ಅಂಚನ್ನೇ ಗಲ್ಲದವರೆಗೆ ಎಳೆದುಕೊಂಡು, ಉಳಿದ ಬಂಧುಬಳಗವನ್ನು ಕಾಲ ಕೆಳಗೆ ಹಾಕಿಕೊಂಡು ಮಲಗುತ್ತಿದ್ದರು. ಹಾಗೆ ಕೂತು ಚಹಾ ಕುಡಿಯುವಾಗ ಆ ಅಂಚಿನ ಮೇಲೆಲ್ಲ ಚೆಲ್ಲಿಕೊಂಡಿದ್ದರು. ಅವರ ಹಣೆಯಿಂದ ಹಿಡಿದು ನಾಯಿಯನ್ನು ದಾಟಿ ಅಕ್ಕನ ಗಲ್ಲದವರೆಗೂ ಕಂದು ಕಲೆ.

ಇದನ್ನು ಹೇಗೆ ಒಗೆಯಬೇಕೆಂದು ಅಕ್ಕ ಕಟ್ಟು ಕಳಿಸಿದ ದಿನವೇ ಮೇಷ್ಟ್ರಿಗೆ ಹೇಳಿದ್ದಳು. ಮೇಷ್ಟ್ರು ಹೆಂಡತಿಗೆ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದ್ದರು: ತಣ್ಣೀರು, ಮುಖಗಳು ಒಳಗೆ ಬರುವ ಹಾಗೆ ಮಡಚಿಕೊಂಡು, ಬ್ರಷ್ ಹಾಕಬಾರದು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು, ಇಸ್ತ್ರಿಪೆಟ್ಟಿಗೆ ಚಿತ್ರಕ್ಕೆ ತಾಗಬಾರದು. ಬೇರೆ ಯಾರಾದರೂ ಹೇಳಿದ್ದರೆ ಪುಟ್ಟಿ ಚಾಚೂ ತಪ್ಪದೆ ನಡೆದುಕೊಳ್ಳುತ್ತಿದ್ದಳು. ಹೇಳಿದವಳು ಅಕ್ಕ. "ಬಟ್ಟೆ ಒಗೆಯೋದನ್ನೂ ನನಗೆ ಇವಳು ಕಲಿಸ್ಬೇಕಾ?" ಎಂದು ಬಿಸಿನೀರು ತಿರುಗಿಸಿದಳು, ಸೋಪಿನ ಪುಡಿ ಸುರಿದಳು, ಬ್ರಷ್ ತೆಗೆದುಕೊಂಡಳು. ಮೊದಲು ಅತ್ತೆಯ ಹಣೆ ಉಜ್ಜಿದಳು, ಆಮೇಲೆ ನಾಯಿ, ಆಮೇಲೆ ಅಕ್ಕನ ಗಲ್ಲ. ಹೀಗೆ ಉಜ್ಜುವಾಗ ಕೈಗೆ ಸ್ವಲ್ಪ ಸುಖವೆನಿಸಿದ್ದು ಸುಳ್ಳಲ್ಲ. ಎರಡು ವರ್ಷದ ಸಿಟ್ಟು ಬ್ರಷ್ಷಿನ ತುದಿಗೆ ಬಂದಿತ್ತು. ಈಗ ಆ ಸುಖವೇ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ಅವಳೇನು ಅಂದ್ಕೋತಾಳೆ ಹೇಳಿ. ಇಷ್ಟು ಜನರ ಪೈಕಿ ಅವಳೊಬ್ಬಳ ಮುಖಾನೇ ಹೋಗಿದೆ. ನಾನೇ ಕೂತ್ಕೊಂಡು ಕೆರೆದು ಹಾಕಿದೀನಿ ಅಂತಾಳೆ. ಇನ್ನು ಜನ್ಮದಲ್ಲಿ ಈ ಮನೆ ಹೊಸಲು ತುಳಿಯಲ್ಲ" ಎಂದು ಪುಟ್ಟಿ ಬಚ್ಚಲ ಬಾಗಿಲಲ್ಲೇ ಕುಸಿದು ಕೂತಳು. ಅಕ್ಕ ಬರಲೆಂದು ತನಗೆ ಎಷ್ಟು ಆಸೆಯಿತ್ತೆಂಬುದು ಅವಳಿಗೆ ತಿಳಿದದ್ದೇ ಆಗ.

ಅತ್ತೆ ಕೋಲೂರಿಕೊಂಡು ಬಂದು ತಂತಿಯನ್ನು ಪರೀಕ್ಷಿಸಿದರು. ಅವರ ಮುಖ ಬಿಸಿನೀರಿಗೂ ಬ್ರಷ್ಷಿಗೂ ಜಗ್ಗದೆ ಮೊದಲಿಗಿಂತ ಫಳಫಳ ಹೊಳೆಯುತ್ತಿತ್ತು. "ನನ್ನನ್ನ ನೋಡು, ಒಂದು ಕೂದಲು ಕೊಂಕಿಲ್ಲ" ಎಂದರು. "ಹೋಗ್ಲಿ ಬಿಡು, ನಾಯಿ ತಿಂತು ಅನ್ನು."

"ನಮ್ಮನೇಲಿ ನಾಯಿ ಎಲ್ಲಿದೆ ಅತ್ತೆ?"

"ಪಕ್ಕದ ಚೌಕದಲ್ಲಿ ಇದೆಯಲ್ಲ" ಎಂದು ಅತ್ತೆ ತಾವೇ ನಕ್ಕು ಒಳಗೆ ಹೋದರು.

ಕೌದಿಯನ್ನು ಬಚ್ಚಿಡೋಣವೆಂದರೆ ಅಕ್ಕ ಕಾಲಿಟ್ಟ ಕೂಡಲೇ ಅದನ್ನೇ ಕೇಳುತ್ತಾಳೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಉಳಿದದ್ದು ಒಂದೇ ದಾರಿ, ಇನ್ನೊಂದು ಅಕ್ಕನನ್ನು ತಂದು ಅಂಟಿಸುವುದು. ಅದಕ್ಕೆ ಫೋಟೋ ಬೇಕು. ಪುಟ್ಟಿಯ ಫೋನಿನಲ್ಲಿ ಅಕ್ಕನ ಸುಳಿವಿಲ್ಲ. ಹಳೆಯ ಆಲ್ಬಮ್‌ಗಳೆಲ್ಲ ಅಕ್ಕನ ಬೀರುವಿನಲ್ಲಿ. ಭಾವನನ್ನು ಕೇಳಿದರೆ ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮೇಷ್ಟ್ರ ಫೋನಿನಲ್ಲಿ ಕರೆಂಟಿನ ಮೀಟರು ಮತ್ತು ಕಪ್ಪುಹಲಗೆಯ ಮೇಲೆ ಅವರೇ ಬಿಡಿಸಿದ ತ್ರಿಕೋನಗಳು ಬಿಟ್ಟರೆ ಬೇರೆ ಚಿತ್ರವಿರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಪುಟ್ಟಿಯ ಫೋನಿನಲ್ಲೇ ಒಂದು ಸಿಕ್ಕಿತು. ಯಾವುದೋ ಊಟದ ಮನೆಯಲ್ಲಿ ಅತ್ತೆಯದೆಂದು ತೆಗೆದ ಫೋಟೋ. ಅವರ ಹೆಗಲ ಹಿಂದೆ, ದೂರದ ಮೇಜಿನಲ್ಲಿ, ಅಕ್ಕ ಐಸ್‌ಕ್ರೀಮಿನ ಚಮಚವನ್ನು ಎತ್ತಿ ಬಾಯನ್ನು ಹೊಂಡದಷ್ಟು ತೆರೆದಿದ್ದಳು. ಅತ್ತೆಯ ಮರೆಯಲ್ಲಿದ್ದುದರಿಂದ ಅಳಿಸುವಾಗ ಕಣ್ಣು ತಪ್ಪಿತ್ತು. ಪುಟ್ಟಿ ಅದನ್ನು ಹಿಡಿದುಕೊಂಡು ಬೀದಿಯ ಕೊನೆಯ ಫೋಟೋ ಸ್ಟುಡಿಯೋಗೆ ಓಡಿದಳು.

ಸ್ಟುಡಿಯೋದವನು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದ. "ಇದರಲ್ಲಿ ಯಾರು ಬೇಕು ನಿಮಗೆ?"

"ಹಿಂದೆ ಇರೋರು."

"ಎಷ್ಟು ದೊಡ್ಡದು ಮಾಡಿದ್ರೂ ಮಸುಕಾಗೇ ಬರೋದು ಮೇಡಂ."

"ಬರ್ಲಿ. ಆ ಬಾಯಿ ಸ್ವಲ್ಪ ಮುಚ್ಚಕ್ಕಾಗುತ್ತಾ?"

"ನಾನು ಐವತ್ತು ಸಲ ನಗಿ ಅಂದ್ರೂ ಬಾಯಿ ತೆಗೀದೇ ಇರೋರು ಬರ್ತಾರೆ. ತೆಗೆದಿರೋದನ್ನ ಮುಚ್ಚಿ ಅಂತ ನೀವೇ ಮೊದಲು ಬಂದಿರೋದು" ಎಂದ ಅವನು. ಮುಚ್ಚಲು ಅವನಿಗೆ ಬರುತ್ತಿರಲಿಲ್ಲ. ಚಮಚ ತೆಗೆಯಲು ಹೋಗಿ ಅಕ್ಕನ ಮೂಗಿನ ತುದಿಯನ್ನು ತೆಗೆದ. ಆಮೇಲೆ ಪುಟ್ಟಿಯೇ ಚಮಚ ಇರಲಿ, ಮೂಗು ವಾಪಸು ಹಾಕಿ ಎಂದಳು. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚಾಯಿತು. ಹಾಳೆ ಕೊಡುವಾಗ ಅವನು ಒಂದು ಮಾತು ಹೇಳಿದ. "ಒತ್ತಿ ಹಿಡೀರಿ, ಆರಿದ ಮೇಲೆ ಸುಲೀರಿ, ಅಲ್ಲಿಗೆ ಬಿಟ್ಬಿಡಿ. ಚಿತ್ರದ ಮೇಲೆ ಮತ್ತೆ ಪೆಟ್ಟಿಗೆ ಮುಟ್ಟಿಸಿದ್ರೆ ಕಥೆ ಮುಗೀತು."

ಕೌದಿ ಒಣಗಲು ಭಾನುವಾರ ಬೆಳಗ್ಗೆಯಾಯಿತು. ಪುಟ್ಟಿ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಉಳಿದಿದ್ದ ಕಿವಿಯನ್ನು ಉಗುರಿನಿಂದ ಕೆರೆದು ತೆಗೆದು, ಹೊಸ ಅಕ್ಕನನ್ನು ಬೋರಲಾಗಿಟ್ಟು ಇಸ್ತ್ರಿ ಹಾಕಿದಳು. ಆರಿದ ಮೇಲೆ ಉಸಿರು ಬಿಗಿಹಿಡಿದು ಹಾಳೆ ಸುಲಿದಳು. ಅಂಟಿತ್ತು! ಬಾಯಿ ತೆರೆದುಕೊಂಡು, ಚಮಚ ಹಿಡಿದುಕೊಂಡು, ಸ್ವಲ್ಪ ಮಸುಕಾಗಿ, ಆದರೂ ಅಕ್ಕನೇ. ಪಕ್ಕದ ನಾಯಿ ಆ ಚಮಚವನ್ನೇ ನೋಡುತ್ತಿರುವ ಹಾಗೆ ಕಾಣುತ್ತಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಹೇಳುವ ಕೆಲಸವಿರಲಿಲ್ಲ. ಕೆನ್ನೆಯ ಮೇಲೊಂದು ಸುಕ್ಕು ಕಾಣಿಸಿತು. ಅಕ್ಕನಿಗೆ ಆ ವಯಸ್ಸಿಗೆ ಸುಕ್ಕು ಸಹಜವೇ, ಆದರೆ ಇದು ಬಟ್ಟೆಯ ಸುಕ್ಕು. "ಒಂದೇ ಒಂದು ಸಲ ಮೆತ್ತಗೆ" ಎಂದುಕೊಂಡು ಪುಟ್ಟಿ ಪೆಟ್ಟಿಗೆಯನ್ನು ನೇರವಾಗಿ ಕೆನ್ನೆಯ ಮೇಲೆ ಎಳೆದಳು. ಎಳೆದಾಗ ಅಂಟಂಟಾಗಿ ಬಂತು. ಎತ್ತಿ ನೋಡಿದರೆ ಕೌದಿಯ ಮೇಲೆ ಅಕ್ಕನ ಹಣೆ ಮತ್ತು ಒಂದು ಕಣ್ಣು, ಉಳಿದ ಕಣ್ಣು, ಬಾಯಿ, ಚಮಚ ಎಲ್ಲ ಇಸ್ತ್ರಿಪೆಟ್ಟಿಗೆಯ ತಳದಲ್ಲಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಪುಟ್ಟಿ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅತ್ತಳು. ಅಳು ಹೊರಗೆ ಕೇಳಬಾರದಲ್ಲ.

ನಲ್ಲಿಯ ಸದ್ದು ಕೇಳಿ ಹೆಂಡತಿ ಸ್ನಾನಕ್ಕೆ ಹೋದಳೆಂದು ಮೇಷ್ಟ್ರು ತಿಳಿದರು. ಅತ್ತಿಗೆ ಬರುವ ದಿನ, ತಾವೂ ಒಂದು ಒಳ್ಳೆಯ ಅಂಗಿ ಹಾಕಿಕೊಳ್ಳೋಣವೆನಿಸಿತು. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇತ್ತು. ಮೇಷ್ಟ್ರು ಮೂವತ್ತು ವರ್ಷ ಲೆಕ್ಕದ ಕೊನೆಯ ಉತ್ತರ ತಾಳೆ ನೋಡಿದವರೇ ಹೊರತು ಇಸ್ತ್ರಿಪೆಟ್ಟಿಗೆಯ ತಳ ನೋಡಿದವರಲ್ಲ. ಪ್ಲಗ್ ಹಾಕಿ, ಕಾಯಿಸಿ, ಬಿಳಿ ಅಂಗಿಯ ಬೆನ್ನಿನ ಮೇಲೆ ಒಂದು ಸಲ ಭದ್ರವಾಗಿ ಒತ್ತಿದರು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಅಂಗಿಯನ್ನು ಹಾಗೇ ತೊಟ್ಟು ಗುಂಡಿ ಹಾಕಿಕೊಳ್ಳುತ್ತ ಹೋಗಿ ಬಾಗಿಲು ತೆಗೆದರು.

ಸಂಜೆ ಬರಬೇಕಾದ ಅಕ್ಕ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. "ಸಂಜೆ ತನಕ ಕಾಯಕ್ಕೆ ಆಗ್ಲಿಲ್ಲ ಮೇಷ್ಟ್ರೇ" ಎಂದಳು.

"ಬನ್ನಿ ಅತ್ತಿಗೆ, ಬನ್ನಿ" ಎಂದು ಮೇಷ್ಟ್ರು ಚೀಲ ತೆಗೆದುಕೊಂಡು ಮುಂದೆ ನಡೆದರು. ಹಿಂದೆ ಹೆಜ್ಜೆಯ ಸದ್ದು ಬರಲಿಲ್ಲ.

"ಮೇಷ್ಟ್ರೇ, ಒಂಚೂರು ನಿಂತ್ಕೊಳ್ಳಿ. ತಿರುಗ್ಬೇಡಿ." ಅಕ್ಕ ಹತ್ತಿರ ಬಂದು ಬಗ್ಗಿ ನೋಡಿದಳು. "ನಿಮ್ಮ ಬೆನ್ನ ಮೇಲೆ ಇರೋದು ನನ್ನ ಬಾಯಲ್ವಾ?"

"ಏನು?"

"ಚಮಚಾನೂ ಇದೆ."

ಮೇಷ್ಟ್ರು ತಮ್ಮ ಬೆನ್ನು ನೋಡಿಕೊಳ್ಳಲು ಗಿರಗಿರ ತಿರುಗಿದರು. ಬೆನ್ನೂ ಅವರ ಜೊತೆಗೇ ತಿರುಗಿತು. ಅಕ್ಕನೂ ಅವರ ಸುತ್ತ ಸುತ್ತುತ್ತ, "ಇದು ಆ ಊಟದ ದಿನದ್ದಲ್ವಾ? ಐಸ್‌ಕ್ರೀಮು ಹಲ್ಲಿಗೆ ಜುಮ್ ಅಂದಿತ್ತು" ಎನ್ನುತ್ತಿದ್ದಳು. ಈ ಪ್ರದಕ್ಷಿಣೆ ನಡೆಯುತ್ತಿರುವಾಗ ಅತ್ತೆ ಬಂದು ಕುರ್ಚಿಯಲ್ಲಿ ಆರಾಮಾಗಿ ಕೂತರು.

"ಬಾಮ್ಮ. ನೀನು ಇಲ್ಲೂ ಇದೀಯ, ಪೆಟ್ಟಿಗೇಲೂ ಇದೀಯ, ಇವನ ಬೆನ್ನ ಮೇಲೂ ಇದೀಯ. ಕೌದೀಲಿ ಒಂದು ಇಲ್ಲ" ಎಂದರು.

ಪುಟ್ಟಿ ಬಚ್ಚಲಿಂದ ಹೊರಬಂದದ್ದು ಆಗ. ರಾತ್ರಿಯೆಲ್ಲ ಅವಳು ಸುಳ್ಳುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ನೀರಿನಲ್ಲಿ ಏನೋ ಇತ್ತು, ಸೋಪಿನ ಪುಡಿ ಸರಿಯಿಲ್ಲ, ಗಾಳಿಗೆ ಹಾರಿ ಮುಳ್ಳಿನ ಬೇಲಿಯ ಮೇಲೆ ಬಿತ್ತು. ಎರಡು ವರ್ಷದ ಮೇಲೆ ಅಕ್ಕನನ್ನು ಕಂಡ ಕೂಡಲೇ ಒಂದೂ ಬಾಯಿಗೆ ಬರಲಿಲ್ಲ.

"ನಾನು ಬೇಕೂಂತ ಮಾಡಿದ್ದಲ್ಲ!" ಎಂದು ಚೀರಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ. ಅಕ್ಕ ಇನ್ನೂ ಏನನ್ನೂ ಕೇಳಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಕೌದಿಯ ಕಡೆ ಹೋಯಿತು. ಮೂಲೆಯ ಚೌಕದಲ್ಲಿ ಅವಳದೊಂದು ಕಣ್ಣು, ಹಣೆ, ಅದರ ಕೆಳಗೆ ಕರಗಿ ಎಳೆದುಕೊಂಡು ಹೋದ ಬಣ್ಣ. ಅಕ್ಕನ ಮುಖ ಸಣ್ಣದಾಯಿತು. ಮೇಷ್ಟ್ರು ಬೆನ್ನನ್ನು ಗೋಡೆಗೆ ಆನಿಸಿಕೊಂಡು ನಿಂತರು.

"ಬಿಸಿನೀರಲ್ಲಿ ಒಗೆದೆ. ಬ್ರಷ್ ಹಾಕಿದೆ. ನೀನು ಬೇಡ ಅಂದಿದ್ದೆಲ್ಲ ಮಾಡಿದೆ, ನೀನು ಬೇಡ ಅಂದಿದ್ದೆ ಅನ್ನೋದಕ್ಕೇ ಮಾಡಿದೆ" ಎಂದಳು ಪುಟ್ಟಿ. "ಸಿಟ್ಟಲ್ಲೇ ಉಜ್ಜಿದೆ ಕಣೇ. ಆದರೆ ನಿನ್ನ ಅಳಿಸ್ಬೇಕೂಂತ ಅಲ್ಲ. ಅತ್ತೇನೂ ಅಷ್ಟೇ ಉಜ್ಜಿದೀನಿ, ಬೇಕಾದ್ರೆ ನೋಡು, ಅವರು ಅಲ್ಲಾಡಲೇ ಇಲ್ಲ."

"ನನ್ನನ್ನ ಸಿಟ್ಟಲ್ಲಿ ಉಜ್ಜಿದ್ಯಾ?" ಎಂದು ಅತ್ತೆ ನೆಟ್ಟಗೆ ಕೂತರು. ಅವರಿಗೆ ಉತ್ತರ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅಕ್ಕ ಮೂಲೆಯ ಚೌಕವನ್ನು ಎತ್ತಿ ಹೆಬ್ಬೆರಳಿಂದ ತಿಕ್ಕಿ ನೋಡಿದಳು. ಆಮೇಲೆ ಅತ್ತೆಯ ಚೌಕವನ್ನು, ನಡುವಿನ ಪುಟ್ಟಿಯ ಚೌಕವನ್ನು ಹಾಗೆಯೇ ತಿಕ್ಕಿದಳು. ಅವು ಬಟ್ಟೆಯೊಳಗೇ ಹುಟ್ಟಿದವೋ ಎಂಬಂತೆ ಕೂತಿದ್ದವು. ಅವಳಿಗೆ ತಡೆಯಲಾರದಷ್ಟು ನಗು ಬಂತು.

"ಬಿಡೇ, ನಿನ್ನ ಬ್ರಷ್ಷಿಂದ ಆಗಿದ್ದಲ್ಲ. ತಣ್ಣೀರಲ್ಲಿ ಅದ್ದಿದ್ರೂ ಅದು ನಿಲ್ತಿರಲಿಲ್ಲ. ನಂದು ಸರಿಯಾಗಿ ಅಂಟೇ ಇರಲಿಲ್ಲ, ನನಗೆ ಗೊತ್ತಿತ್ತು."

"ಅಂದ್ರೆ?"

"ಅಂದ್ರೆ ಏನು, ಎಲ್ಲರದ್ದೂ ಒತ್ತಿ ಒತ್ತಿ ತೋಳು ಬಿದ್ದುಹೋಗಿತ್ತು. ನಿಮ್ಮತ್ತೇದು ಚೆನ್ನಾಗಿ ಬರಲಿಲ್ಲ ಅಂದ್ರೆ ಊರೆಲ್ಲ ಹೇಳ್ತಾರೆ ಅಂತ ಮೈಭಾರ ಬಿಟ್ಟು ಒತ್ತಿದೆ. ನಿಂದಂತೂ ಮೂರು ಸಲ ಮಾಡಿದೆ. ಒಂದರಲ್ಲಿ ನಗು ಸೊಟ್ಟಗಾಯ್ತು, ಇನ್ನೊಂದರಲ್ಲಿ ಸೈಕಲ್ಲಿನ ಚಕ್ರ ಹೋಯ್ತು. ಕೊನೆಗೆ ನನ್ನ ಪಾಲಿಗೆ ಹಾಳೆಯ ಒಂದು ಅಂಚು ಉಳೀತು. ಅದನ್ನ ಇಟ್ಟು ಪೆಟ್ಟಿಗೆ ತಗೊಂಡ್ರೆ, ನಿಮ್ಮ ಭಾವ ಅಂಗಿಗೆ ಇಸ್ತ್ರಿ ಬೇಕು, ಹೊತ್ತಾಯ್ತು ಅಂತ ಕಿತ್ಕೊಂಡು ಹೋದ್ರು. ಅವರು ವಾಪಸು ಕೊಡೋ ಹೊತ್ತಿಗೆ ಒಲೆ ಮೇಲೆ ಹಾಲು ಉಕ್ತಾ ಇತ್ತು. ಅರ್ಧ ಬಿಸಿ ಪೆಟ್ಟಿಗೇನ ಹಾಗೇ ಸವರಿ ಬಿಟ್ಟೆ. ಮೂಲೇಲಿ ನನ್ನ ಯಾರು ನೋಡ್ತಾರೆ ಅಂತ."

ಹೇಳುವಾಗ ಅವಳು ನಗುತ್ತಲೇ ಇದ್ದಳು. ತನ್ನ ಮನೆಯ ಹಾಲು, ತನ್ನ ಗಂಡನ ಅಂಗಿ, ಇದರಲ್ಲಿ ದೊಡ್ಡ ಮಾತೇನೂ ಇಲ್ಲವೆಂಬ ಹಾಗೆ. ಪುಟ್ಟಿಗೆ ನಗು ಬರಲಿಲ್ಲ. ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಯಾರು ಮುಂದೆ ಯಾರು ಹಿಂದೆ ಎಂದು ದಿನವಿಡೀ ಲೆಕ್ಕ ಇಡುವವಳು ತಾನು. ಒಡಹುಟ್ಟಿದವಳು ಎಲ್ಲಿ ನಿಂತಿದ್ದಾಳೆಂದು ಒಂದು ದಿನವೂ ನೋಡಿರಲಿಲ್ಲ.

"ಆವತ್ತು ಫೋಟೋದಲ್ಲಿ ನಿನ್ನ ಆಚೆ ಸರಿಸಿದ್ದು ತಪ್ಪು ಕಣೇ ಪುಟ್ಟಿ" ಎಂದಳು ಅಕ್ಕ, ಕೌದಿಯ ದಾರವೊಂದನ್ನು ಕೀಳುತ್ತ. "ಬೀಗರು ಏನಾದ್ರೂ ಅಂದ್ಕೊಂಡ್ರೆ ಅನ್ನೋ ಗಾಬರಿ. ನೀನು ಏನೂ ಅಂದ್ಕೊಳ್ಳಲ್ಲ ಅಂತ ಧೈರ್ಯ. ಆ ಮೊಣಕೈ ನೋಡಿದಾಗೆಲ್ಲ ಸಂಕಟ ಆಗ್ತಿತ್ತು. ಕೌದಿ ಬಂದ ಮೇಲೆ ಫೋನ್ ಮಾಡ್ತೀಯೇನೋ ಅಂತ ಕಾದೆ."

"ಮಾಡ್ಬೇಕು ಅಂದ್ಕೊಂಡೆ."

"ಮತ್ಯಾಕೆ ಮಾಡ್ಲಿಲ್ಲ?"

ಆರು ತಿಂಗಳಿಂದ ಹೆದರಿದ್ದ ಪ್ರಶ್ನೆ ಬಂದೇ ಬಂತು. "ಹೊಟ್ಟೆಕಿಚ್ಚು" ಎಂದಳು ಪುಟ್ಟಿ. "ನೀನು ಮೂಲೇಲಿ ಕೂತೂ ನನಗಿಂತ ಒಳ್ಳೆಯವಳು ಅನ್ನಿಸ್ಕೊಂಡ್ಯಲ್ಲ ಅಂತ." ಇಷ್ಟು ಹೇಳಿ ಅಕ್ಕನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಈ ಸಲ ನಲ್ಲಿ ತಿರುಗಿಸಲಿಲ್ಲ. ಅಕ್ಕ, "ಸಾಕು, ನನ್ನ ಬಟ್ಟೆ ಒದ್ದೆ ಮಾಡ್ಬೇಡ, ಮೊದಲೇ ನೀನು ಒಗೆದ್ರೆ ಏನೂ ಉಳಿಯಲ್ಲ" ಎಂದು ಬೆನ್ನು ಸವರಿದಳು. ಮೇಷ್ಟ್ರು ಕಣ್ಣು ಒರೆಸಿಕೊಳ್ಳಲು ಗೋಡೆ ಬಿಟ್ಟು ಆಚೆ ತಿರುಗಿದರು, ಅವರ ಬೆನ್ನ ಮೇಲೆ ಅಕ್ಕ ಬಾಯಿ ತೆರೆದುಕೊಂಡಿದ್ದಳು. ಅದನ್ನು ನೋಡಿ ಅಕ್ಕ ತಂಗಿ ಇಬ್ಬರೂ ಅಳುವನ್ನು ಅರ್ಧಕ್ಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಪುಟ್ಟಿ ಅಕ್ಕನಿಗೆ ಕೂರಲೂ ಬಿಡಲಿಲ್ಲ. ಕೈ ಹಿಡಿದು ದರದರ ಎಳೆದುಕೊಂಡು ಸ್ಟುಡಿಯೋಗೆ ಹೋದಳು. ಅಕ್ಕ ಬಸ್ಸಿನ ಧೂಳಿದೆ, ತಲೆ ಬಾಚಿಲ್ಲ, ಇನ್ನೊಂದು ದಿನ ನೋಡೋಣ ಎಂದು ದಾರಿಯುದ್ದಕ್ಕೂ ಗೊಣಗಿದಳು. ಸ್ಟುಡಿಯೋದವನು ಅವಳನ್ನು ನೋಡಿದ್ದೇ, "ಓ, ಇವರಿಗೆ ಬಾಯಿ ಮುಚ್ಚಕ್ಕೂ ಬರುತ್ತಾ!" ಎಂದ. ಅಕ್ಕ ನಕ್ಕಳು. ಅವನು ಅದೇ ಗಳಿಗೆಯಲ್ಲಿ ತೆಗೆದ.

ಮನೆಗೆ ಬರುವ ಹೊತ್ತಿಗೆ ಅತ್ತೆ ಹಳೆಯ ಪೇಪರಿನ ಮೇಲೆ ಉಪ್ಪು ಹರವಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಎಳೆದಾಡಿಸಿ ತಳವನ್ನು ಫಳಫಳ ಮಾಡಿಟ್ಟಿದ್ದರು. ಕೌದಿಯ ಹಾಳಾದ ಚೌಕದ ಮೇಲೆ ಅಕ್ಕ ತಾನೇ ಹೊಸ ಬಿಳಿ ಬಟ್ಟೆಯೊಂದನ್ನು ಹೊಲಿದು ಕೂರಿಸಿದಳು. ಇಸ್ತ್ರಿಗೆ ಮಾತ್ರ ಪುಟ್ಟಿ ಕೈ ಹಾಕಗೊಡಲಿಲ್ಲ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಚಹಾ ಕೊಟ್ಟು, ಹಾಳೆಯನ್ನು ಬೋರಲಾಗಿಟ್ಟು, ಕಾದ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ನಿಂತಳು.

ಬಾಗಿಲಲ್ಲಿ ಮೇಷ್ಟ್ರು ಬೇರೆ ಅಂಗಿ ಹಿಡಿದುಕೊಂಡು ಬಂದು, "ಆದಮೇಲೆ ನನಗೊಂಚೂರು ಕೊಡ್ತೀಯಾ?" ಎಂದರು.

"ಯಾರಿಗೂ ಇಲ್ಲ. ಸುಕ್ಕಲ್ಲೇ ಹಾಕ್ಕೊಳ್ಳಿ" ಎಂದಳು ಪುಟ್ಟಿ, ತಲೆ ಎತ್ತದೆ.

"ಸಾಕು ಬಿಡೇ, ಕೈ ನೋಯುತ್ತೆ" ಎಂದಳು ಅಕ್ಕ. ಸುಮ್ಮನೆ ಕೂತು ಅಭ್ಯಾಸವಿಲ್ಲದೆ ಅವಳು ಕುರ್ಚಿಯ ತುದಿಗೆ ಬಂದಿದ್ದಳು. "ಮೂಲೆ ತಾನೆ, ಅಷ್ಟೇ ಸಾಕು."

ಪುಟ್ಟಿ ಮೈಯ ಭಾರವನ್ನೆಲ್ಲ ಪೆಟ್ಟಿಗೆಯ ಮೇಲೆ ಬಿಟ್ಟಳು. "ನೀನು ಸುಮ್ನೆ ಕೂತ್ಕೊಂಡು ಚಹಾ ಕುಡಿ ಅಕ್ಕ," ಎಂದಳು, "ಇನ್ನೂ ಅಂಟಿಲ್ಲ."